ಹಾಲು ಉಕ್ಕಿದ ದಿನದ ಮಾತು

ಅಮ್ಮನಿಗೆ ಚಾಟ್‌ಬಾಟ್ ಪರಿಚಯ ಮಾಡಿಸಿದವಳು ನಾನೇ. ಜಯಲಕ್ಷ್ಮಿಪುರಂ ಮನೆಯ ಅಡುಗೆ ಕಟ್ಟೆಯ ಮೇಲೆ ಫೋನು ಒರಗಿಸಿ, ಮೈಕ್ ಒತ್ತಿಕೊಟ್ಟರೆ ಸಾಕು, ಅವಳು ಆಡಿದ್ದೆಲ್ಲ ಅಕ್ಷರವಾಗುತ್ತಿತ್ತು. ಮಂಡಿನೋವು, ಪುಳಿಯೋಗರೆ ಗೊಜ್ಜು, ದಸರಾ ಗೊಂಬೆಗಳಲ್ಲಿ ಯಾವುದು ಯಾರ ಮನೆಯಿಂದ ಬಂದದ್ದು, ಎಲ್ಲವನ್ನೂ ಅದಕ್ಕೆ ಒಪ್ಪಿಸುತ್ತಿದ್ದಳು.

ಒಂದೊಂದು ವಿಷಯಕ್ಕೂ ಹೊಸ ಚಾಟ್ ತೆರೆಯೋಣ, ಆಮೇಲೆ ಹುಡುಕುವುದು ಸುಲಭ ಅಂತ ಮೊದಲೇ ಹೇಳಿದ್ದೆ. ಅಮ್ಮನಿಗೆ ಸಿಟ್ಟು ಬಂತು.

"ಇಷ್ಟೊತ್ತು ಮಾತಾಡ್ಬುಟ್ಟು, ಬರ್ತೀನಿ ಅಂತಾನೂ ಹೇಳ್ದೆ ಎದ್ದು ಹೋಗೋದಾ? ಮರ್ಯಾದೆ ಅಲ್ಲ ಕಣೇ."

ಹಾಗಾಗಿ ಒಂದೂವರೆ ವರ್ಷದ ಮಾತೆಲ್ಲ ಒಂದೇ ಚಾಟಿನಲ್ಲಿ ಉಳಿಯಿತು. ನಡುನಡುವೆ "ಯಾರೋ ಬೆಲ್ ಮಾಡಿದ್ರು ನೋಡೇ" ಅಂತ ನನ್ನನ್ನು ಕೂಗಿದ್ದೂ ಅದರಲ್ಲಿದೆ. ಅದಕ್ಕೂ ಆ ಯಂತ್ರ ವಿನಯದಿಂದ ಉತ್ತರ ಕೊಟ್ಟಿದೆ.

ಈ ಬೇಸಿಗೆಯಲ್ಲಿ ಅಮ್ಮ ಹೋದಳು. ನವರಾತ್ರಿ ಹತ್ತಿರ ಬರುತ್ತಿದ್ದಂತೆ ವಿಜಯನಗರದಿಂದ ತಂಗಿಯ ಫೋನು.

"ಅಕ್ಕಾ, ಪಟ್ಟದ ಗೊಂಬೆ ನಂಗೇ ಅಂತ ಅಮ್ಮ ಹೇಳಿದ್ಲು."

ಅಮ್ಮನ ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಮರದ ರಾಜ-ರಾಣಿ ಅದು. ನನಗೆ ಮೈಯೆಲ್ಲ ಉರಿಯಿತು. ಕೊನೆಯವರೆಗೂ ಅಮ್ಮನ ಜೊತೆಗಿದ್ದವಳು ನಾನು, ಗೊಂಬೆ ಮಾತ್ರ ಇವಳಿಗಾ?

"ಅಮ್ಮ ಆಡಿದ್ದೆಲ್ಲ ಫೋನಲ್ಲಿದೆ, ತೋರಿಸ್ತೀನಿ ಇರು" ಅಂತ ಫೋನು ಕಟ್ ಮಾಡಿದೆ.

ಹೇಳಿದ್ದೇನೋ ಹೇಳಿದೆ, ಹುಡುಕುವುದು ಎಲ್ಲಿ? 'ಗೊಂಬೆ' ಅಂತ ಒತ್ತಿದರೆ ಸಾಲು ಸಾಲು ಗೊಂಬೆಗಳು, 'ಪಟ್ಟದ ಗೊಂಬೆ' ಅಂದರೂ ನೂರಾರು ಕಡೆ ಅದೇ ಮಾತು. ಇಡೀ ಮಾತುಕತೆಗೆ ಪರಿವಿಡಿ ಮಾಡಿಕೊಡು ಅಂತ ಯಂತ್ರವನ್ನೇ ಕೇಳಿದೆ. ಅಡುಗೆ, ಔಷಧಿ, ಗೊಂಬೆಗಳ ಪಟ್ಟಿ ಅಂತ ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ಗೊಂಬೆಗಳ ಪಟ್ಟಿಯಲ್ಲಿ ನನಗೆ ಬೇಕಾದದ್ದು ಇರಲಿಲ್ಲ. ಹಿಡಿದ ವಿಷಯದಲ್ಲೇ ನಿಂತು ಮಾತಾಡಿದವಳೇ ಅಲ್ಲ ನಮ್ಮಮ್ಮ.

ಆಗ ಅಪ್ಪ ನೆನಪಾದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ದಪ್ಪ ಕಡತಗಳ ಅಂಚಿಗೆ ಚೀಟಿ ಅಂಟಿಸುತ್ತಿದ್ದರು. ಅದರ ಮೇಲೆ ವಿಷಯ ಬರೆಯುತ್ತಿರಲಿಲ್ಲ. 'ಫ್ಯಾನು ಕೆಟ್ಟ ದಿನ', 'ಸಾಹೇಬರು ಕೂಗಾಡಿದ ದಿನ' ಅಂತ ಬರೆಯುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಆದರೆ ಕೇಳಿದ ಕಾಗದ ತಕ್ಷಣ ಸಿಗುತ್ತಿದ್ದದ್ದು ಅವರ ಮೇಜಿನಲ್ಲಿ ಮಾತ್ರ. ಅಪ್ಪ ಇದ್ದಿದ್ದರೆ ಈ ಚಾಟಿಗೂ ಚೀಟಿ ಅಂಟಿಸುತ್ತಿದ್ದರು ಅನ್ನಿಸಿ ನಗು ಬಂತು, ಹಿಂದೆಯೇ ಅಳುವೂ ಬಂತು.

ಅಪ್ಪನ ಹಾಗೇ ಯೋಚಿಸಿದೆ. ಪಟ್ಟದ ಗೊಂಬೆ ಯಾರಿಗೆ ಅನ್ನುವ ಮಾತು ನಡುಮನೆಯಲ್ಲಿ ಕೂತಿದ್ದ ನನ್ನ ಕಿವಿಗೆ ಅರೆಬರೆ ಬಿದ್ದದ್ದು ಯಾವತ್ತು? ಅವತ್ತೇ ಒಲೆಯ ಮೇಲೆ ಹಾಲು ಉಕ್ಕಿತ್ತು. ಅಮ್ಮ ಕೂಗಿದ್ದು ಕೇಳಿ ನಾನು ಮಸಿಬಟ್ಟೆ ಹಿಡಿದು ಓಡಿದ್ದೆ. 'ಹಾಲು ಉಕ್ತು' ಅಂತ ಹುಡುಕಿದೆ. ಒಂದೇ ಒಂದು ಕಡೆ ಇತ್ತು, ಮಂಡಿನೋವಿನ ಎಣ್ಣೆಯ ಮಾತಿನ ನಡುವೆ.

"ಪಟ್ಟದ ಗೊಂಬೆ ಚಿಕ್ಕೋಳಿಗೇ ಇರ್ಲಿ. ದೊಡ್ಡೋಳಿಗೆ ನಾನೇ ಇದೀನಲ್ಲ. ಅಯ್ಯಯ್ಯೋ, ಹಾಲು ಉಕ್ತು ನೋಡೇ!"

'ದಯವಿಟ್ಟು ಮೊದಲು ಒಲೆ ಆರಿಸಿ' ಅಂತ ಕೆಳಗೆ ಯಂತ್ರದ ಉತ್ತರ.

ಮಾರನೆಯ ಬೆಳಿಗ್ಗೆ ರಾಜ-ರಾಣಿಯನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಬಾಗಿಲು ತೆಗೆದ ತಂಗಿ ಗಂಟನ್ನು ಎರಡೂ ಕೈಯಲ್ಲಿ ಇಸಕೊಂಡಳು. ಆಮೇಲೆ ಕೇಳಿದಳು, "ಏನಂತ ಇತ್ತಕ್ಕಾ ಅದರಲ್ಲಿ?"

ಫೋನು ತೆಗೆದು ತೋರಿಸಿದೆ. ಮೊದಲ ವಾಕ್ಯ ಅವಳು ಓದಿಕೊಂಡಳು. ಎರಡನೆಯದರ ಮೇಲೆ ನನ್ನ ಹೆಬ್ಬೆರಳಿತ್ತು. ಅದು ನನ್ನ ಪಾಲು, ಅವಳಿಗೆ ತೋರಿಸಲಿಲ್ಲ.