ಅತ್ತೆಯ ಹುಣಸೆ ಬೀಜ

ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರ್ ತೆರೆದು ಒಂದು ನಕ್ಷೆ ತೋರಿಸಿದಳು. ವೈದ್ಯರಿಗೆ ಪಾಠ ಹೇಳುವುದು ಹೇಗೆ ಎಂಬ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದಿದ್ದಾರೆ ಎನ್ನುವ ನಕ್ಷೆ. ದೊಡ್ಡ ವಿದ್ವಾಂಸರಿಗೆ ದೊಡ್ಡ ವೃತ್ತ, ಸಣ್ಣವರಿಗೆ ಸಣ್ಣದು; ಅವರು ಬರೆದ ವಿಷಯಗಳಿಗೂ ಹಾಗೆಯೇ. ನೋಡುತ್ತಿದ್ದಂತೆ ನನ್ನ ಕೈ ತಾನಾಗಿ ಮೇಜಿನ ಖಾನೆಯೊಳಗಿದ್ದ ಹುಣಸೆ ಬೀಜವನ್ನು ತಡಕಿತು.

ಇಂಥದೇ ನಕ್ಷೆಯನ್ನು ತೊಂಬತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನ ತೇನಿ ಕಡೆಯ ಗೂಡಲೂರಿನ ನಮ್ಮ ಮನೆಯ ನೆಲದ ಮೇಲೆ ಹರವಿದ್ದೆ ಎಂದರೆ ನೀವು ನಗಬಹುದು. ಆಗ ನಾನು ವೈದ್ಯಕೀಯ ಕಾಲೇಜಿನಲ್ಲಿ ಹೊಸ ಮೇಡಂ. ರಜೆಗೆ ಬಂದಾಗ ಚೀಲದಲ್ಲಿ ಬಟ್ಟೆಗಿಂತ ಇಂಥ ವಿದ್ವಾಂಸರ ಲೇಖನಗಳ ಜೆರಾಕ್ಸ್ ಹಾಳೆಗಳೇ ಹೆಚ್ಚು. ಹಾಳೆಗಳಲ್ಲಿ ಒಬ್ಬರ ಹೆಸರು ಬಂದಾಗಲೆಲ್ಲ, ನೆಲದ ಮೇಲೆ ಬರೆದ ಆ ಹೆಸರಿನ ಮುಂದೆ ಒಂದು ಹುಣಸೆ ಬೀಜ. ಬೀಜಗಳು ಅತ್ತೆಯವು, ಅಂದರೆ ಅಪ್ಪನ ಅಕ್ಕನವು. ಅವಳ ಅಳಗುಳಿಮಣೆಯನ್ನು ಬರಿದು ಮಾಡಿ ತಂದಿದ್ದೆ. ಪರೀಕ್ಷೆಗಳ ಬಗ್ಗೆ ಬರೆದವರ ಮುಂದೆ ರಾಶಿಯೇ ಬಿತ್ತು. ನಮ್ಮ ಸೀಮೆಯವರು ಒಬ್ಬರೂ ಇರಲಿಲ್ಲ.

ಅಪ್ಪನಿಗೆ ಇದು ಹಿಡಿಸಲಿಲ್ಲ. ತೇನಿಯ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಕ್ಲಿನಿಕ್ಕಿಗೆಂದು ಜಾಗ ನೋಡಿಟ್ಟಿದ್ದರು. ಕಾಯಿಲೆ ನೋಡುವುದು ಬಿಟ್ಟು, ಕಾಯಿಲೆ ನೋಡಲು ಕಲಿಸುವವರ ಜಾತಕ ನೋಡುತ್ತ ಕೂತಿದ್ದೀಯಲ್ಲ ಎಂದು ಅವರ ದೂರು. ರಜೆ ಮುಗಿಯುವುದರೊಳಗೆ ನಾನು ಹೂಂ ಅನ್ನಬೇಕಿತ್ತು. ಕಲಿಸುವುದನ್ನು ಬಿಡಲು ಮನಸ್ಸಿಲ್ಲ, ಎದುರಾಡಲು ಧೈರ್ಯವಿಲ್ಲ.

ಒಂದು ಸಂಜೆ ಅತ್ತೆ ಬೀಜ ವಾಪಸು ಕೇಳಲು ಬಂದಳು. ಈ ರಾಶಿಗಳೇನು ಎಂದಳು. ಡಾಕ್ಟರುಗಳಿಗೆ ಕಲಿಸುವ ದೊಡ್ಡವರು ಎಂದೆ. ಹಿಂದಿನ ವರ್ಷ, ಕಲಿಯುವ ಡಾಕ್ಟರುಗಳೂ ಇದ್ದ ದಿಂಡಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ಅವಳ ಹೊಟ್ಟೆಯ ಗಡ್ಡೆ ತೆಗೆದಿದ್ದರು. ಕಾಲು ನೀಡಿ ಕೂತು, ರಾಶಿಗಳನ್ನು ಒಂದೊಂದಾಗಿ ನೋಡಿದಳು.

"ನನ್ ಹೊಟ್ಟೇನ ಅಮುಕಿ ಅಮುಕಿ ಆ ಹುಡುಗ್ರೆಲ್ಲಾ ಪಾಡ ಕಲ್ತ್ರು, ತಾಯೀ. ಹೆಸ್ರ ಒಬ್ರುಂ ಕೇಳ್ಲಿಲ್ಲ," ಎಂದಳು. ಆಮೇಲೆ ಒಂದು ಬೀಜ ಎತ್ತಿ ಹಿಡಿದು, "ನಾನುಂ ಕಲ್ಸಿಕೊಟ್ಟಿವ್ನಿ ಅಲ್ವಾ? ನನ್ದು ಎಲ್ಲಿ ಇಕ್ಲಿ?"

ತಮಾಷೆಗೇ ಕೇಳಿದ್ದಳು. ನಾನು ಹಾಳೆಗಳನ್ನೆಲ್ಲ ತಿರುವಿ ಹಾಕಿದೆ. ರೋಗಿಗಳೂ ಕಲಿಸುತ್ತಾರೆ ಎಂದು ನಾನು ಹೊತ್ತು ತಂದ ಕಟ್ಟಿನಲ್ಲಿ ಯಾರೂ ಬರೆದಿರಲಿಲ್ಲ. ನನಗೆ ಅಳು ಬಂತು. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಅಕ್ಕನ ಜೊತೆಗಿದ್ದ ಅಪ್ಪ, ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಮ್ಮ ತೋಟದ ದ್ರಾಕ್ಷಿ ಪೆಟ್ಟಿಗೆಗಳೊಂದಿಗೆ ತೇನಿಗೆ ಹೊರಟವರು ಬಾಗಿಲಲ್ಲಿ ನಿಂತರು.

"ಆ ಜಾಗ ಬ್ಯಾಡಾಂತ ಹೇಳ್ಬುಟ್ಟು ಬತ್ತೀನಿ. ಅಕ್ಕನ ಬೀಜಕ್ಕೆ ನೀನೊಂದು ಜಾಗ ನೋಡು."

ಕಲಿಸುತ್ತಲೇ, ಇಷ್ಟು ವರ್ಷ ಆ ಜಾಗವನ್ನೇ ನೋಡುತ್ತ ಬಂದೆ. ಅತ್ತೆ ಈಗಿಲ್ಲ. ಮೊನ್ನೆ ವಿದ್ಯಾರ್ಥಿನಿಯನ್ನು ಕೇಳಿದೆ, ನಿನ್ನ ನಕ್ಷೆಯಲ್ಲಿ ರೋಗಿ ಎಲ್ಲಿ ಅಂತ. ಹುಡುಕಿ, ಅಂಚಿನಲ್ಲೊಂದು ವೃತ್ತ ತೋರಿಸಿದಳು. ಚಿಕ್ಕದು, ಆದರೂ ಇತ್ತು. ಬೀಜವನ್ನು ಅವಳ ಅಂಗೈಯಲ್ಲಿಟ್ಟು ಅತ್ತೆಯ ಕತೆ ಹೇಳಿದೆ.

ಕೇಳಿ ಮುಗಿಸಿ ಅವಳು ಅಂದಳು, "ಅವರ ಹೆಸರೇನು, ಮೇಡಂ?"

ಚೆನ್ನಮ್ಮಾಳ್, ಎಂದೆ.