ಫುಸಾಯೆ ಕೊಂಡ ಬ್ರೇಕರ್

ನೆಲ ನಡುಗಿದರೆ ತಾನಾಗಿ ಕರೆಂಟು ಕಡಿಯುವ ಬ್ರೇಕರ್ ಇಲ್ಲದೆ ಆ ಓಣಿಯಲ್ಲಿ ಉಳಿದಿದ್ದದ್ದು ಫುಸಾಯೆಯ ಮನೆ ಒಂದೇ. ಟೋಕಿಯೋದ ಆ ಮೂಲೆಯಲ್ಲಿ ಮರದ ಮನೆಗಳು ಒಂದಕ್ಕೊಂದು ಒರಗಿಯೇ ನಿಂತಿವೆ. ಭೂಕಂಪದಲ್ಲಿ ಕರೆಂಟಿನ ಕಿಡಿಗೆ ಒಂದು ಹೊತ್ತಿಕೊಂಡರೆ ಸಾಲೆಲ್ಲ ಬೂದಿ. ಬೆಂಕಿ ಹುಟ್ಟಿದ ಮನೆಯವರು ಆಮೇಲೆ ಓಣಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಇದೆಲ್ಲ ಫುಸಾಯೆಗೆ ಗೊತ್ತು. ಆದರೆ ಗಂಡ ತೈಜೊ ಉಸಿರಾಡುತ್ತಿದ್ದದ್ದು ಆಮ್ಲಜನಕದ ಯಂತ್ರದಿಂದ. ಕರೆಂಟು ಹೋದರೆ ಸಿಲಿಂಡರು ತೆರೆದು ಕೊಳವೆ ಬದಲಿಸಬೇಕು.

ಓಣಿಯ ಸಂಘದ ಮುರೊಯಿ ಬ್ರೇಕರಿನ ಪೊಟ್ಟಣ ಹಿಡಿದು ಬಂದರು.

"ಪುಕ್ಕಟೆ ಕಣಮ್ಮ. ನಡುಗಿದ್ರೆ ಸ್ವಿಚ್ಚಿಗೆ ಕಟ್ಟಿರೋ ಗುಂಡು ಬೀಳತ್ತೆ, ದಾರ ಜಗ್ಗತ್ತೆ, ಸ್ವಿಚ್ಚು ಇಳಿಯತ್ತೆ."

"ಆ ಕ್ಷಣಕ್ಕೇ?"

"ಆ ಕ್ಷಣಕ್ಕೇ."

"ಗುಂಡಿಗೂ ಮುಂಚೆ ನಾನೇ ಬೀಳ್ತೀನಿ, ಬಿಡಿ!" ಎಂದು ತೈಜೊ ಒಳಗಿನಿಂದ ಕೂಗಿ, ಕೆಮ್ಮಿ ಸುಸ್ತಾದ.

ಫುಸಾಯೆ ಪೊಟ್ಟಣ ಹಿಂತಿರುಗಿಸಿ, ಕರೆಂಟು ಸಾಮಾನು ಮಾರುವ ಸೆಕಿನೆಯ ಅಂಗಡಿಗೆ ಹೋದಳು.

"ಹೀಟರಿಗೆ ಮಾತ್ರ ಕಡಿಯೋದು ಇಲ್ವೇನಪ್ಪಾ?"

"ಇದೆ. ಪ್ಲಗ್ಗಿಗೆ ಸಿಕ್ಕಿಸೋದು. ನಿಮ್ಮನೆ ಗೋಡೆಯೊಳಗಿನ ವೈರು ಹಳೇದಲ್ವಾ, ಅದು ಕಿತ್ತು ಕಿಡಿ ಹಾರಿದ್ರೆ ಇದೇನು ಮಾಡತ್ತೆ? ಬೋರ್ಡಿಗೇ ಕೂರಿಸೋದು ತಗೊಳ್ಳಿ. ನಡುಗಿದ ಕೂಡ್ಲೆ ಕೂಗತ್ತೆ, ಮೂರು ನಿಮಿಷ ಬಿಟ್ಟು ಕಡಿಯತ್ತೆ."

ಅದನ್ನೇ ಕೊಂಡಳು. ಕೂರಿಸಿದ ಮೇಲೆ ಸೆಕಿನೆ ಪರೀಕ್ಷೆಯ ಗುಂಡಿ ಒತ್ತಿದ. ಬ್ರೇಕರ್ ಕೂಗತೊಡಗಿತು. ಸಂಧಿವಾತಕ್ಕೆ ಗಂಟುಗಟ್ಟಿದ ಫುಸಾಯೆಯ ಬೆರಳುಗಳು ಸಿಲಿಂಡರು ತೆರೆಯುವ ಕೀಲಿಯ ಮೇಲೆ ಜಾರಿದವು. ಮತ್ತೆ ಹಿಡಿದಳು, ಮತ್ತೆ ಜಾರಿದವು. ಮೂರು ನಿಮಿಷ ಮುಗಿದು ದೀಪ ಆರಿತು, ಯಂತ್ರ ನಿಂತಿತು. ತೈಜೊನ ತುಟಿ ಬಣ್ಣಗೆಡುವ ಮೊದಲೇ ಸೆಕಿನೆ ಹಾರಿ ಸ್ವಿಚ್ಚು ಎತ್ತಿದ.

"ಇನ್ನೊಮ್ಮೆ ಒತ್ತು" ಎಂದಳು.

ಇನ್ನೊಮ್ಮೆಯೂ ಆಗಲಿಲ್ಲ.

ಪಕ್ಕದ ಮನೆಯ ಕಿಕುನೊಳನ್ನು ಕೇಳಿದಳು. ಎರಡೂ ಮನೆಗೆ ಗೋಡೆ ಇದ್ದೂ ಇಲ್ಲದಂತೆ; ಒಂದರ ಸೀನು ಇನ್ನೊಂದಕ್ಕೆ ಕೇಳುತ್ತಿತ್ತು.

"ಅದು ಕೂಗಿದಾಗ ಬಂದು ಕೀಲಿ ತಿರುಗಿಸ್ತೀಯೇನೆ?"

ಕಿಕುನೊ ಚಾಪೆಗೆ ಹಣೆ ಮುಟ್ಟುವಷ್ಟು ಬಾಗಿದಳು. "ಅತ್ತೇನ ಹೊತ್ಕೊಂಡು ಓಡಬೇಕು ಅಕ್ಕಾ. ಬರ್ತೀನಿ ಅಂತ ಸುಳ್ಳು ಹೇಳಲಾರೆ."

"ನಿಜ ಹೇಳಿದೆಯಲ್ಲ, ಅಷ್ಟು ಸಾಕು" ಎಂದು ಫುಸಾಯೆಯೂ ಅಷ್ಟೇ ಬಾಗಿ ಎದ್ದು ಬಂದಳು.

"ಕಿತ್ತುಹಾಕಿಸ್ತೀಯಾ?" ಎಂದ ತೈಜೊ.

"ಇಲ್ಲ. ಕಿಕುನೊಳ ಅತ್ತೆ ಮಲಗಿರೋದು ನಮ್ಮ ಗೋಡೆ ಪಕ್ಕಾನೇ."

"ಅಂದ್ರೆ ನನ್ನ ಕಳಿಸಿಕೊಡೋದೇ ನಿಶ್ಚಯ."

"ಸುಮ್ನಿರಿ."

ಮೂರು ನಿಮಿಷದೊಳಗೆ ತೆರೆಯುವುದು ರೂಢಿಯಾಗಲೆಂದು ಫುಸಾಯೆ ಸಿಲಿಂಡರನ್ನು ಮಂಡಿಗಳ ನಡುವೆ ಇರುಕಿಕೊಂಡು ಕುಳಿತಳು. ಕೀಲಿ ಅಲುಗಲಿಲ್ಲ. ಅಂಗೈ ಒರೆಸಿಕೊಂಡು ಎಡಗೈಯಲ್ಲಿ ಹಿಡಿದಳು.