ಹಾಲಪ್ಪನ ಕೈಯಲ್ಲೇ ಬರೆಸಿದ ಕ್ಷಮಾಪಣೆ

ಹಾಲಪ್ಪ ಕ್ಷಮೆ ಕೇಳಲಿಲ್ಲ. ನ್ಯಾಮತಿಯ ಸಂತೆಗೋಡೆಯ ಮೇಲಿದ್ದ ಆ ಕ್ಷಮಾಪಣೆಯನ್ನು ಸುಳ್ಳು ಹೇಳಿ ಅವನ ಕೈಯಿಂದ ಬರೆಸಿದವನು ನಾನು — ಹೊನ್ನಾಳಿಯ ದನದ ದಲ್ಲಾಳಿ ಬಸಪ್ಪ.

ಅದು ತುರ್ತು ಪರಿಸ್ಥಿತಿಯ ಕಾಲ. ಹಾಲಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಗಿರಾಕಿ ಬರೆದುಕೊಟ್ಟ ಚೀಟಿಯಲ್ಲಿದ್ದ ಅಕ್ಷರಗಳನ್ನು ಚಿತ್ರದಂತೆ ನೋಡಿ ಬರೆಯುತ್ತಿದ್ದನೇ ಹೊರತು ಅವನಿಗೆ ಓದಲು ಬರುತ್ತಿರಲಿಲ್ಲ. ಈ ಗುಟ್ಟು ಅವನ ಹೆಂಡತಿ ಗೌರಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು — ಅಷ್ಟೇ. ಅವನು ಮಾತಿಲ್ಲದ ಒಂದು ಚಿತ್ರಕಥೆ ಪುಸ್ತಕ ಮಾಡಿದ. ಅದರಲ್ಲಿ, ತೆನೆ ತಿನ್ನದಂತೆ ಕಣದ ಎತ್ತುಗಳಿಗೆ ಬಾಯಿಕುಕ್ಕೆ ಕಟ್ಟಿಸುವ ಗೌಡ ಕೊನೆಗೆ ಊರವರ ಬಾಯಿಗೂ ಕಟ್ಟಿಸುತ್ತಾನೆ. ಪುಸ್ತಕ ಪ್ರೆಸ್ಸಿನಿಂದ ಹೊರಬೀಳುವ ಮೊದಲೇ ಜಪ್ತಿಯಾಯಿತು.

ಕೋರ್ಟಿಗೆ ಹೋಗಲು ಹಣ ಬೇಕಿತ್ತು. ನಾನೇ ಮುಂದೆ ಬಿದ್ದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಚಂದಾವನ್ನೂ ಹಾಗೆಯೇ ಕೇಳಿದೆ. ಚನ್ನಗಿರಿಯ ಪ್ರೆಸ್ಸಿನವರು, ಬಸ್‌ಸ್ಟ್ಯಾಂಡುಗಳಲ್ಲಿ ಚಿತ್ರಕಥೆ ಮಾರುವವರು, ಗೋವಿನಕೋವಿಯ ರೈತರು — ಹೆದರುತ್ತಲೇ ನನ್ನ ಬೆರಳು ಹಿಡಿದರು.

ಇನ್ಸ್‌ಪೆಕ್ಟರಿಗೆ ವಾಸನೆ ಬಡಿಯಿತು. "ಏನ್ ಬಸಪ್ಪ, ಎತ್ತು ಬಿಟ್ಟು ಕೇಸು ಮಾರಾಕೆ ಹತ್ತೀಯಂತೆ?" ಎಂದು ನಕ್ಕರು. "ಟವೆಲ್ ಕೆಳಗೆ ಕೈ ಕೊಟ್ಟೋರ ಹೆಸರು ಹೇಳು. ಇಲ್ಲ, ಅವನೇ ಸಂತೆಗೋಡೆ ಮ್ಯಾಲೆ ತಪ್ಪಾತು ಅಂತ ಬರೀಲಿ. ಎಲ್ಡರಾಗೆ ಒಂದು."

ಗೋಡೆ ಬರೆಸುತ್ತೇನೆ, ಆದರೆ ಹಾಲಪ್ಪನೂ ಸೇರಿ ಯಾರ ಮೇಲೂ ಕೇಸು ಬೇಡ ಎಂದು ಚೌಕಾಶಿ ಮಾಡಿದೆ. ಒಪ್ಪಿದರು. ಒಳ್ಳೆಯ ವ್ಯಾಪಾರ ಅಂದುಕೊಂಡೆ! ಯಜಮಾನನ ಮುಖ ನೋಡದೆ ಅವನ ಎತ್ತಿಗೆ ಬೆಲೆ ಕುದುರಿಸಬೇಡಿ — ಹೊಸ ದಲ್ಲಾಳಿಗಳಿಗೆ ಈಗಲೂ ಬುದ್ಧಿ ಹೇಳುತ್ತೇನೆ. ಅಂದು ನಾನು ನೋಡಲಿಲ್ಲ. ಕೇಳಿದ್ದರೆ ಹಾಲಪ್ಪ ಒಪ್ಪುತ್ತಿರಲಿಲ್ಲ, ಅದಕ್ಕೇ —

ಚೀಟಿ ಕೊಟ್ಟೆ.

"ಏನೈತಣ್ಣ ಇದ್ರಾಗೆ?"

"ಸಂತೆ ಸುಂಕದ ನೋಟೀಸು. ಕೆಳಗೆ ಯಾವತ್ತಿನಂಗೆ ನಿನ್ನ ಹೆಸರು ಹಾಕು."

ಬೋರ್ಡು ಬರೆದವನು ಮೂಲೆಯಲ್ಲಿ ತನ್ನ ಹೆಸರು ಹಾಕುವುದು ವಾಡಿಕೆ. ಅದೇ ಅವನ ರುಜುವಾಯಿತು. ಏಣಿಯಿಂದ ಇಳಿದು, "ಅಕ್ಷರ ಹೆಂಗ್ ಬಂದಾವೆ?" ಎಂದ. "ಭಾಳ ಚೆಂದ" ಎಂದೆ.

ಸಂತೆಯ ದಿನ ಬೆರಳು ಹಿಡಿದಿದ್ದವರೆಲ್ಲ ಗೋಡೆಯ ಮುಂದೆ ನಿಂತಿದ್ದರು. ಒಬ್ಬ ಉಗುಳಿದ. ಗೌರಮ್ಮ ಅದನ್ನು ಗಟ್ಟಿಯಾಗಿ ಓದಿದಳು — 'ನನ್ನ ಪುಸ್ತಕ ತಪ್ಪು, ಮನ್ನಿಸಬೇಕು'. ತಾನು ಬರೆದದ್ದೇನೆಂದು ಹಾಲಪ್ಪನಿಗೆ ತಿಳಿದದ್ದು ಆಗಲೇ.

"ನಂಗೆ ಓದಾಕೆ ಬರಲ್ರೀ" ಎಂದ.

"ಊರಿಗೆಲ್ಲ ಬೋರ್ಡು ಬರೆಯೋನಿಗೆ ಓದಾಕೆ ಬರಲ್ವಂತೆ!" ಎಲ್ಲರೂ ನಕ್ಕರು. ನಿಜವೆಂದ ಗೌರಮ್ಮನ ಮಾತನ್ನೂ ಯಾರೂ ನಂಬಲಿಲ್ಲ. ಅವನು ನನ್ನತ್ತ ತಿರುಗಿದ. "ಬಸಪ್ಪಣ್ಣ, ಹೇಳು."

ನಾನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡೆ.

ಚಂದಾ ವಾಪಸು ಕೊಡುವಾಗ, "ಪಾಪ, ಹೆದರಿಬಿಟ್ಟ" ಎಂದು ನಾನೂ ಹೇಳಿದೆ.

ಹಾಲಪ್ಪ ಜಗಳೂರಿಗೆ ಹೋದ, ಹಿಟ್ಟಿನ ಗಿರಣಿಯಲ್ಲಿ ದುಡಿದ. ಮತ್ತೆ ಕುಂಚ ಹಿಡಿಯಲಿಲ್ಲ. ಹೋದ ತಿಂಗಳು ತೀರಿಕೊಂಡ. ಹೇಡಿ ಎಂಬ ಹೆಸರು ಮಾತ್ರ ಇಲ್ಲೇ ಉಳಿದಿದೆ.

ಗೌರಮ್ಮ, ನಿನ್ನ ಗಂಡ ಸುಳ್ಳು ಹೇಳಲಿಲ್ಲ ಎಂದು ನಿನಗೆ ಗೊತ್ತು, ಊರಿಗೆ ಗೊತ್ತಿಲ್ಲ. ಬರುವ ಸಂತೆಗೆ ಬಾ. ಆ ಗೋಡೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಟವೆಲ್ ಮನೆಯಲ್ಲೇ ಬಿಟ್ಟು ಬರುತ್ತೇನೆ.